ಅಪ್ಪನ ರೈಫಲ್ಲಿನ ಬಾಯಲ್ಲಿ ಬನ್ನಿ

ಶಾಂತಕ್ಕ, ಮೊಣಕಾಲು ನೋವು ಇಳಿಯಿತೇ? ಈರಣ್ಣ, ಶುಗರ್ ಹತೋಟಿಯಲ್ಲಿದೆಯಾ? ಬೇಬಿ, ನಿನ್ನ ಕೆಮ್ಮು?

ಇಲ್ಲಿ ಊರ ಮನೆಯಲ್ಲಿ ನಾನೂ ಮಲ್ಲಣ್ಣನೂ ಆರಾಮಿದ್ದೇವೆ. ಅಪ್ಪನ ಬೇಟೆಯ ರೈಫಲ್ ಮಾತ್ರ ಆರಾಮಿಲ್ಲ...

ಈ ದಸರೆಗೆ ಬನ್ನಿ ಮುಡಿಯುವ ಹೊತ್ತಿಗೆ ಅಪ್ಪನಂತೆ ತಾನೂ ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು ಅಂತ ಮಲ್ಲಣ್ಣ ಹಟ ಹಿಡಿದಿದ್ದ. ಲೈಸೆನ್ಸ್ ಅವನ ಹೆಸರಿನಲ್ಲೇ ಇದೆ. "ಎಪ್ಪತ್ತಾತು, ಇನ್ನ ಯಾವಾಗ ಹಾರಸ್ಲಿ?" ಅನ್ನುತ್ತಿದ್ದ.

ಮೊದಲು ಯಾರಿಗಾದರೂ ತೋರಿಸೋಣ ಅಂತ ನಾನೇ ಹೊರಡಿಸಿದೆ. ರೈಫಲ್ಲನ್ನು ಹೊದೆಯುವ ಕೌದಿಯಲ್ಲಿ ಸುತ್ತಿಕೊಂಡು ಶಿರಹಟ್ಟಿಯಲ್ಲಿ ಗದಗಿನ ಬಸ್ ಹತ್ತಿದೆವು.

"ಏನಜ್ಜಾ, ಕಬ್ಬೇನು?" ಅಂದ ಕಂಡಕ್ಟರ್.

"ಹೌದಪಾ, ತಿಂತಿಯೇನು?" ಅಂದ ಅಣ್ಣ.

ಗದಗಿನ ಪಕ್ಕದ ಬೆಟಗೇರಿಯಲ್ಲಿ ಬಂದೂಕು ರಿಪೇರಿ ಮಾಡುವ ಖಾದರಸಾಬರು ಮೊದಲು ಹಿಂದಿನ ಕಟ್ಟಿಗೆ ನೋಡಿದರು. ಅಪ್ಪ ತಾಮ್ರದ ತಂತಿ ಸುತ್ತಿದ ಸೀಳು ಗೊತ್ತಲ್ಲ, ಅದು. "ಇದು ಅಂಟತೈತಿ, ಚಿಂತಿಲ್ಲ" ಅಂದರು. ಗುಂಡು ತುಂಬುವ ಬೋಲ್ಟು ಎಳೆದು, "ಇದೂ ಛಲೋ ಐತಿ." ಅಣ್ಣನ ಕೈ ಮೀಸೆಗೆ ಹೋಯಿತು.

ಆಮೇಲೆ ಬೋಲ್ಟು ತೆಗೆದು, ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಕಣ್ಣಿಟ್ಟರು. ಬೆಳಕೇ ತೂರಲಿಲ್ಲ.

ಸರಳು ಹಾಕಿ ನೂಕಿದರು. ಪೇಪರಿನ ಮೇಲೆ ಕರಿ ಉಂಡೆ ಉದುರಿತು. ಬೆರಳಲ್ಲಿ ತಿಕ್ಕಿ ನೋಡಿ, "ಅಜ್ಜಾರ, ಇದು ಬನ್ನಿ ಐತಲ್ರೀ!" ಅಂತ ನಕ್ಕೇ ಬಿಟ್ಟರು.

ನಗದೆ ಏನು ಮಾಡಿಯಾರು. ಅಪ್ಪ ಹೋದಾಗಿನಿಂದ ಅದು ದೇವರ ಮನೆಯಲ್ಲಿ ಬಾಯಿ ಮೇಲೆ ಮಾಡಿಯೇ ನಿಂತಿದೆ. ಪ್ರತಿ ದಸರೆಯ ಖಂಡೆ ಪೂಜೆಗೆ ಉಳಿದ ಆಯುಧಗಳಂತೆ ಇದಕ್ಕೂ ನೀರು ಚಿಮುಕಿಸಿ, ವಿಭೂತಿ ಹಚ್ಚಿ, ಬಾಯಿಗೆ ಬನ್ನಿ ಸಿಕ್ಕಿಸುತ್ತೇವೆ. ಮರುದಿನ ಕಡ್ಡಿ ಕೈಗೆ ಬರುತ್ತದೆ, ಎಲೆ ಒಳಗೆ ಜಾರುತ್ತದೆ. ಮನೆಯವರ ಗ್ರೂಪಿನಲ್ಲಿ ನೀವೆಲ್ಲ ಹಾರ್ಟ್ ಒತ್ತುವ ಆ ಫೋಟೊ ಇದೇ ಪೂಜೆಯದು.

ಒರೆಸಿದ ಮೇಲೆ ಟಾರ್ಚ್ ಬಿಟ್ಟು ತೋರಿಸಿದರು. ಗುಂಡನ್ನು ತಿರುಗಿಸುವ ಒಳಗಿನ ಗೀರುಗಳನ್ನೆಲ್ಲ ತುಕ್ಕು ತಿಂದಿದೆ. ಬಾಯಿಯ ಹತ್ತಿರ ಉಗುರು ಸಿಕ್ಕುವಷ್ಟು ಕುಳಿ.

"ಹಾರಿಸಬ್ಯಾಡ್ರಿ. ನಳಿಗಿ ಒಡದ್ರ ಮೊದ್ಲು ಕೈ ಹೋಗತೈತಿ, ಆಮ್ಯಾಲ ಕಣ್ಣು, ಮಾರಿ."

"ಹಂಗಾರ ಇದರ ಬೆಲಿ?" ಅಂತ ನಾನು ಕೇಳಿದೆ.

"ಬಂದೂಕಂತ ಕೇಳಿದ್ರ ಏನೂ ಇಲ್ರಿ ಅಕ್ಕಾರ. ಕಟ್ಟಿಗಿ, ಬೋಲ್ಟು ಬಿಚ್ಚಿ ಕೊಟ್ರ ಯಾರರ ತಗೋತಾರ."

"ನಮ್ಮಪ್ಪನ್ನ ಬಿಚ್ಚಿ ಮಾರಬೇಕೇನು?" ಅಂದ ಅಣ್ಣ.

ಖಾದರಸಾಬರು ಚಹಾ ತರಿಸಿದರು. ಕಟ್ಟಿಗೆಗೆ ಎಣ್ಣೆ ಒರೆಸಿ, ತಾವೇ ಕೌದಿ ಸುತ್ತಿ ಕೊಟ್ಟರು.

ಬರುವಾಗ ಬಸ್ಸಿನಲ್ಲಿ ಅಣ್ಣ ಕೌದಿಯ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಮನೆಗೆ ಬಂದವನು ರೈಫಲ್ಲನ್ನು ಅದೇ ಜಾಗದಲ್ಲಿ ನಿಲ್ಲಿಸಿದ. ಈ ಸಲ ಬಾಯಿ ಕೆಳಗೆ ಮಾಡಿ.

ಗುಂಡಿನ ಸುದ್ದಿ ಮತ್ತೆ ಎತ್ತಿಲ್ಲ. ಇವತ್ತು ಊಟಕ್ಕೆ ಕೂತಾಗ ಮಾತ್ರ ಕೇಳಿದ, "ತಂಗೀ, ಬಾಯಿ ಕೆಳಗ ಆತಲ್ಲ, ಇನ್ನ ಬನ್ನಿ ಎಲ್ಲಿಡೂದು?"

ನನಗೂ ತಿಳಿಯುತ್ತಿಲ್ಲ. ದಸರೆ ಹತ್ತಿರ ಬಂತು, ಎಲ್ಲಿಡೋಣ ಅಂತ ಎಲ್ಲರೂ ಜಲ್ದಿ ಬರೆಯಿರಿ.