ಬೈರಮ್ಮನ ಆಷಾಢ

ಹೊಸೂರಿನ ಹತ್ತಿರದ ಸಾನಮಾವು ಕಾಡಿನ ಅಂಚಿನ ಆ ಊರಿನಲ್ಲಿ ಶಾಸ್ತ್ರದ ಮಾತು ಬಂದರೆ ಜನ ಪೂಜಾರಪ್ಪನನ್ನು ಕೇಳುತ್ತಿರಲಿಲ್ಲ, ಬೈರಮ್ಮನನ್ನು ಕೇಳುತ್ತಿದ್ದರು. ಮಂಗಳವಾರ ಮಗಳನ್ನು ಗಂಡನ ಮನೆಗೆ ಕಳಿಸಬಾರದು, ಶುಕ್ರವಾರ ಉಗುರು ಕತ್ತರಿಸಬಾರದು, ದೀಪ ಹಚ್ಚಿದ ಮೇಲೆ ಯಾರಿಗೂ ಉಪ್ಪು ಕೊಡಬಾರದು. ಯಾಕೆ ಅಂತ ಕೇಳಿದರೆ ಕಾರಣ ಹೇಳುತ್ತಿದ್ದಳು. ಕಾರಣ ಗೊತ್ತಿಲ್ಲದಿದ್ದರೆ ಬೈದು ಕಳಿಸುತ್ತಿದ್ದಳು. ಕಾಡಿನಿಂದ ಆನೆ ಇಳಿದು ರಾಗಿ ಹೊಲ ತುಳಿದು ಹೋದರೆ ಬದುವಿನ ಮೇಲೆ ನಿಂತು ಆನೆಯ ವಂಶವನ್ನೆಲ್ಲ ಜಾಲಾಡಿ, ಆಮೇಲೆ ಗಣೇಶನ ನೆನಪಾಗಿ ಕೆನ್ನೆ ಬಡಿದುಕೊಳ್ಳುತ್ತಿದ್ದಳು.

ಕಷ್ಟ ಕಾಣದವಳೇನಲ್ಲ. ಚಿಕ್ಕ ವಯಸ್ಸಿಗೇ ಗಂಡ ಜ್ವರಕ್ಕೆ ಹೋದ. ಎರಡೆಕರೆಯಲ್ಲಿ ರಾಗಿ, ಹುರುಳಿ, ಟೊಮ್ಯಾಟೊ ಬೆಳೆದು ಒಬ್ಬನೇ ಮಗ ಚಿನ್ನಸ್ವಾಮಿಯನ್ನು ಸಾಕಿದಳು. ಆದರೆ ಬದುಕಿನ ಬಗ್ಗೆ ಅವಳಿಗೆ ಯಾವ ದೂರೂ ಇರಲಿಲ್ಲ. ಹೊಟ್ಟೆ ತುಂಬ ಮುದ್ದೆ, ಬೈಯಲು ನಾಲ್ಕು ಜನ, ಮಲಗಿದರೆ ನಿದ್ದೆ. ಇನ್ನೇನು ಬೇಕು ಮನುಷ್ಯರಿಗೆ ಎನ್ನುತ್ತಿದ್ದಳು.

ಚಿನ್ನಸ್ವಾಮಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ. ಒಂದು ದಿನ ಮಿಷನ್ನಿಗೆ ಬೆರಳು ಸಿಕ್ಕಿಸಿಕೊಂಡು ಕಾರ್ಖಾನೆಯ ಫಸ್ಟ್ ಏಡ್ ರೂಮಿಗೆ ಹೋದ. ಅಲ್ಲಿದ್ದ ನರ್ಸ್ ವೆಂಕಟಲಕ್ಷ್ಮಿ ಕಟ್ಟು ಹಾಕಿದಳು. ಬೆರಳು ವಾಸಿಯಾದ ಮೇಲೂ ಪುಣ್ಯಾತ್ಮ ಕಟ್ಟು ಬದಲಾಯಿಸಿಕೊಳ್ಳಲು ಹೋಗುತ್ತಲೇ ಇದ್ದ ಎಂದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಎಂಬತ್ನಾಲ್ಕರ ವೈಶಾಖದಲ್ಲಿ ಇಬ್ಬರಿಗೂ ಮದುವೆಯಾಯಿತು.

ಹೊಸೂರಿನ ಮೇಷ್ಟ್ರು ಲಕ್ಷ್ಮೀಪತಿಯವರ ಮಗಳು ಈ ವೆಂಕಟಲಕ್ಷ್ಮಿ, ತಾಯಿ ಇಲ್ಲದವಳು. ಕಾರ್ಖಾನೆಗೆ ಸೇರುವ ಮೊದಲು ಐದು ವರ್ಷ ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದಳು, ಲೆಫ್ಟಿನೆಂಟ್ ಅನ್ನಿಸಿಕೊಂಡಿದ್ದಳು. ಇದರಿಂದ ಬೈರಮ್ಮನಿಗೆ ಕೋಡು ಮೂಡಿತ್ತು. ಸಿಪಾಯಿಗಳು ತನ್ನ ಸೊಸೆಗೆ ಸಲ್ಯೂಟ್ ಹೊಡೆಯುತ್ತಿದ್ದರೆಂದು ಅವಳು ಹೇಳಿದ್ದೇ ಹೇಳಿದ್ದು, ಪಕ್ಕದ ಮನೆಯ ಅಂಜಮ್ಮ ನೀರಿಗೆ ಬರುವ ಹೊತ್ತನ್ನೇ ಬದಲಾಯಿಸಿಕೊಂಡಳು.

ಮದುವೆಯಾಗಿ ತಿಂಗಳಾಗಿತ್ತೋ ಇಲ್ಲವೋ, ಪೊಲೀಸ್ ಪೇದೆಯೊಬ್ಬ ಸೈಕಲ್ಲಿನಲ್ಲಿ ಬಂದು ವೆಂಕಟಲಕ್ಷ್ಮಿಯ ಹೆಸರಿಗೆ ಸಮನ್ಸ್ ಕೊಟ್ಟು ಹೋದ. ಅಡುಗೆಮನೆಯಲ್ಲಿ ಅತ್ತೆಯ ಎದುರು ಕೂತು ಸೊಸೆ ಎಲ್ಲವನ್ನೂ ಹೇಳಿದಳು.

ಎರಡು ವರ್ಷದ ಹಿಂದೆ ಉತ್ತರದ ಕಡೆಯ ಒಂದು ಮಿಲಿಟರಿ ಆಸ್ಪತ್ರೆಯಲ್ಲಿ ನಡೆದದ್ದು. ಅಲ್ಲಿನ ಮೇಜರ್ ಡಾಕ್ಟರೊಬ್ಬ ಅವಳನ್ನು ಔಷಧಿ ಕೋಣೆಗೆ ಕರೆದು, ಬಾಗಿಲು ಹಾಕಿ, ಬಲಾತ್ಕಾರ ಮಾಡಿದ. ಮಾರನೇ ಬೆಳಿಗ್ಗೆಯೇ ಅವಳು ದೂರು ಬರೆದುಕೊಟ್ಟಳು. ಮೇಲಿನವರು ಕರೆಸಿ, ಹೋಗುವುದು ನಿನ್ನ ಮಾನವೇ, ವಾಪಸ್ ತೆಗೆದುಕೋ ಎಂದರು. ಅವಳು ತೆಗೆದುಕೊಳ್ಳಲಿಲ್ಲ. ವಿಚಾರಣೆಯ ನಾಟಕ ಮಾಡಿ, ಸಾಕ್ಷಿ ಇಲ್ಲವೆಂದು ಕೈತೊಳೆದುಕೊಂಡು, ಅವಳನ್ನೇ ಗಡಿಯ ಒಂದು ಆಸ್ಪತ್ರೆಗೆ ಎತ್ತಿಹಾಕಿದರು. ಐದು ವರ್ಷದ ಅವಧಿ ಮುಗಿದದ್ದೇ ಅವಳು ಕೆಲಸ ಬಿಟ್ಟು ಬಂದಳು, ಆದರೆ ಅರ್ಜಿ ಹಾಕುವುದನ್ನು ಬಿಡಲಿಲ್ಲ. ಈಗ ಅದೇ ಮೇಜರ್ ಬೆಂಗಳೂರಿನ ಆಸ್ಪತ್ರೆಗೆ ವರ್ಗವಾಗಿ ಬಂದು ಇನ್ನೊಬ್ಬ ಎಳೆಯ ನರ್ಸಿನ ಮೇಲೂ ಕೈ ಹಾಕಿದ್ದಾನೆ. ಆ ಹುಡುಗಿಯೂ ದೂರು ಕೊಟ್ಟಿದ್ದಾಳೆ, ಹಳೆಯ ದೂರಿಗೆ ಜೀವ ಬಂದಿದೆ. ಬೆಂಗಳೂರಿನಲ್ಲಿ ಕೋರ್ಟ್ ಮಾರ್ಷಲ್. ಅಂದರೆ ಮಿಲಿಟರಿಯವರೇ ಕೂತು ತಮ್ಮವನ ವಿಚಾರಣೆ ಮಾಡುವ ಕೋರ್ಟು. ವೆಂಕಟಲಕ್ಷ್ಮಿ ಹೋಗಿ ಬಾಯಿಬಿಟ್ಟು ಹೇಳದಿದ್ದರೆ ಇಬ್ಬರ ದೂರೂ ಬಿದ್ದುಹೋಗುತ್ತದೆ.

ಬೈರಮ್ಮ ಮೊದಲು ಕೇಳಿದ್ದು ಚಿನ್ನಸ್ವಾಮಿಗೆ ಗೊತ್ತೇ ಅಂತ. ಮದುವೆಗೆ ಮೊದಲೇ ಗೊತ್ತಿತ್ತು, ಅಮ್ಮನಿಗೆ ಹೇಳುವುದು ಬೇಡವೆಂದು ಅವನೇ ಹೇಳಿದ್ದ. ಅಲ್ಲಿಗೆ ಅವಳ ಪಿತ್ತ ನೆತ್ತಿಗೇರಿತು. ನಾವು ಹೊಗಳುವವರ ಬಾಯಿಂದಲೂ ಹೊಲಸು ಮಾತು ಬರುತ್ತದೆ, ಏನು ಮಾಡುವುದು.

"ಮುಚ್ಚಿಟ್ಕೊಂಡು ನಮ್ಮನೆ ಸೇರ್ಕೊಂಡ್ಯಲ್ಲೇ. ಇಷ್ಟು ಮುಚ್ಚಿಟ್ಟೋಳು ಇನ್ನೇನೇನು ಕಟ್ಟಿ ಹೇಳ್ತೀಯೋ ಯಾರಿಗ್ಗೊತ್ತು" ಎಂದುಬಿಟ್ಟಳು.

ಆಮೇಲೆ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಬೈರಮ್ಮ ತಟ್ಟೆ ಕುಕ್ಕಿದಳು, ಚೊಂಬು ಕುಕ್ಕಿದಳು, ಮಗನ ಮುಖ ಕಂಡರೆ ತಿರುಗಿ ಕೂತಳು. ಆದರೆ ಹೊಲದಲ್ಲಿ ಸೊಸೆಯ ಜೊತೆ ಕಳೆ ಕೀಳುವಾಗ, ತಲೆ ಎತ್ತದೆ, ಒಂದೇ ಒಂದು ಮಾತು ಕೇಳಿದಳು.

"ಆ ಮೇಜರು ಇನ್ನೂ ಆಸ್ಪತ್ರೇಲೇ ಅವ್ನಾ? ಹೆಣ್ಮಕ್ಳು ಕೆಲ್ಸ ಮಾಡೋ ಕಡೇನೆ?"

"ಹೂಂ ಅತ್ತಮ್ಮ. ಇನ್ನೂ ಅಲ್ಲೇ ಇದ್ದಾನೆ."

ಬೈರಮ್ಮ ಕುಡುಗೋಲನ್ನು ಬದುವಿನ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು. "ಹಂಗಾದ್ರೆ ನೀನು ಹೋಗ್ಲೇಬೇಕು" ಎಂದಳು. ಅಡುಗೆಮನೆಯಲ್ಲಿ ಆಡಿದ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ. ತಪ್ಪಾಯಿತು ಅನ್ನುವುದು ಆ ಹೆಂಗಸಿನ ಜಾಯಮಾನದಲ್ಲೇ ಇರಲಿಲ್ಲ.

ಹೋಗುವುದೇನೋ ಸರಿ, ಜೊತೆಗೆ ಯಾರು? ಲಕ್ಷ್ಮೀಪತಿ ಮೇಷ್ಟ್ರು ಒಳ್ಳೆಯವರು, ಆದರೆ ಹೆದರುಪುಕ್ಕಲು. ಮದುವೆಯಾಗಿ ಸುಖವಾಗಿದ್ದೀಯಲ್ಲ, ಹುಣ್ಣು ಕೆರೆಯಬೇಡ ಎಂದು ಮಗಳಿಗೆ ಹೇಳಿ ಕೈಚೆಲ್ಲಿದರು. ಚಿನ್ನಸ್ವಾಮಿ ತಾನೇ ಬರುತ್ತೇನೆಂದ. ಅವನು ಆ ಮೇಜರನ್ನು ಕಂಡರೆ ಕೊರಳಪಟ್ಟಿಗೆ ಕೈ ಹಾಕುವುದು ಖಂಡಿತ. ಅದೂ ಅಲ್ಲದೆ ಗಂಡ ಎದುರಿಗೆ ಕೂತಿದ್ದರೆ ಅದನ್ನೆಲ್ಲ ಹೇಳಲು ತನಗೆ ಬಾಯಿ ಬರುವುದಿಲ್ಲವೆಂದು ವೆಂಕಟಲಕ್ಷ್ಮಿಯೇ ಬೇಡವೆಂದಳು. ಉಳಿದವಳು ಬೈರಮ್ಮ.

ಸಿಕ್ಕಿಹಾಕಿಕೊಂಡದ್ದು ಇಲ್ಲಿ ನೋಡಿ. ಕೋರ್ಟು ಕರೆದದ್ದು ಆಷಾಢದಲ್ಲಿ. ಹೊಸ ಸೊಸೆ ಆ ತಿಂಗಳು ತವರಿಗೆ ಹೋಗಬೇಕು, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು. ಇದು ಊರಿಗೆಲ್ಲ ಗೊತ್ತಿದ್ದ ಶಾಸ್ತ್ರ. ಬೈರಮ್ಮನ ಶಾಸ್ತ್ರಕ್ಕೆ ಇನ್ನೊಂದು ಬಾಲವಿತ್ತು. ಇಬ್ಬರಲ್ಲಿ ಯಾರು ಹಿಂದೆ ದಾಟುತ್ತಾರೋ ಅವರ ಆಯಸ್ಸು ಆ ತಿಂಗಳಿಗೇ ತೀರಿತು. ಅವಳ ಅಜ್ಜಿಯ ಓರಗಿತ್ತಿ ಹಾಗೇ ಹೋದಳಂತೆ, ಬೆಳಿಗ್ಗೆ ದಾಟಿದವಳು ಸಂಜೆಗೆ ಇಲ್ಲ. ಸೊಸೆಯನ್ನು ತವರಿಗೆ ಕಳಿಸುವಾಗ ಬೈರಮ್ಮ ಅವಳನ್ನು ಕೂರಿಸಿಕೊಂಡು ಇದನ್ನು ವಿವರವಾಗಿ ಹೇಳಿದ್ದಳು.

"ಬತ್ತೀನಿ. ಆದ್ರೆ ಒಳಕ್ಕೆ ಬರಾಕಿಲ್ಲ" ಎಂದು ಕರಾರು ಹಾಕಿ ಹೊರಟಳು.

ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆ ಕೂಡಿದರು. ವೆಂಕಟಲಕ್ಷ್ಮಿ ಮುಂದಿನ ಬಾಗಿಲಲ್ಲಿ ಹತ್ತಿದಳು, ಬೈರಮ್ಮ ಹಿಂದಿನ ಬಾಗಿಲಲ್ಲಿ. ಎದುರಿಗೇ ಜಾಗ ಖಾಲಿ ಇದೆ ಬಾಮ್ಮ ಎಂದು ಕಂಡಕ್ಟರ್ ತಮಿಳಿನಲ್ಲಿ ಎಷ್ಟು ಕೂಗಿದರೂ ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ಸಿಗೆ ಹೊಸಿಲೆಲ್ಲಿದೆ ಅತ್ತಮ್ಮ ಅಂತ ಸೊಸೆ ಕೇಳಿದ್ದಕ್ಕೆ, ಕಾಲೆತ್ತಿ ದಾಟುವುದೆಲ್ಲ ಹೊಸಿಲೇ ಎಂದಳು. ಕೋರ್ಟಿಗೆ ಹೋಗುವ ಭಯದಲ್ಲಿ ಬಿಳಿಚಿಕೊಂಡಿದ್ದ ಆ ಹುಡುಗಿ ಅಂದು ಮೊದಲ ಸಲ ನಕ್ಕಳು.

ಕೋರ್ಟು ನಡೆದದ್ದು ಬ್ರಿಟಿಷರ ಕಾಲದ ಒಂದು ಉದ್ದನೆಯ ಕಟ್ಟಡದಲ್ಲಿ. ಒಂದೇ ಬಾಗಿಲು, ಅದಕ್ಕೆ ಗೇಣೆತ್ತರದ ಕಲ್ಲಿನ ಹೊಸಿಲು. ಒಳಗೆ ಪದಕ ತೂಗಿಸಿಕೊಂಡ ಆಫೀಸರುಗಳು ಸಾಲಾಗಿ ಕೂತಿದ್ದರು. ಹೊರಗೆ ಜಗಲಿಯ ಮೇಲೆ ಬೈರಮ್ಮ ಕಾಲು ಚಾಚಿ ಕೂತಳು. ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಮರಿಸ್ವಾಮಿ ದೇಂಕಣಿಕೋಟೆ ಕಡೆಯವನು. ಯಾರು ಬೇಕಾದರೂ ಒಳಗೆ ಕೂತು ಕೇಳಬಹುದು ಎಂದು ಅವನು ಕರೆದ. ಇವಳು ಆಷಾಢ ಎಂದಳು. ಅವನೂ ನಮ್ಮ ಸೀಮೆಯವನೇ ಆದ್ದರಿಂದ ಮತ್ತೆ ಕರೆಯಲಿಲ್ಲ.

ಮೊದಲ ದಿನ ಸರ್ಕಾರದ ಕಡೆಯ ಆಫೀಸರು ಕೇಳಿದ, ವೆಂಕಟಲಕ್ಷ್ಮಿ ಹೇಳಿದಳು. ಎಲ್ಲ ಇಂಗ್ಲಿಷಿನಲ್ಲಿ. ಬೈರಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಸೊಸೆಯ ದನಿ ಎಲ್ಲೂ ತಡವರಿಸದೆ ಕಿಟಕಿಯಿಂದ ಬರುತ್ತಿತ್ತು, ಅಷ್ಟು ಸಾಕಾಗಿತ್ತು ಅವಳಿಗೆ. ತಂದಿದ್ದ ಪುರಿಯಲ್ಲಿ ಮರಿಸ್ವಾಮಿಗೂ ಒಂದು ಹಿಡಿ ಕೊಟ್ಟಳು.

ಎರಡನೇ ದಿನ ಮೇಜರನ ಕಡೆಯ ವಕೀಲನ ಸರದಿ. ಅವನು ನಯವಾಗಿ ಶುರುಮಾಡಿ, ಬರಬರುತ್ತಾ ದನಿ ಏರಿಸಿದ. ಏನನ್ನೋ ಕೇಳಿದ. ವೆಂಕಟಲಕ್ಷ್ಮಿಯ ದನಿ ಬರಲಿಲ್ಲ. ಅದನ್ನೇ ಮತ್ತೆ ಕೇಳಿದ. ಆಗಲೂ ಬರಲಿಲ್ಲ. ಬೈರಮ್ಮ ಎದ್ದು ಬಾಗಿಲ ಹತ್ತಿರ ಹೋಗಿ ಮರಿಸ್ವಾಮಿಯ ತೋಳು ಹಿಡಿದು, ಏನಂತೆ ಎಂದಳು.

ಅರೆಬರೆ ಇಂಗ್ಲಿಷಿನ ಮರಿಸ್ವಾಮಿ ತಲೆ ತಗ್ಗಿಸಿಯೇ ಹೇಳಿದ. "ಅತ್ತೆಗೆ ಹೇಳ್ದೆ ಮುಚ್ಚಿಟ್ಟು ಮದ್ವೆ ಆದ್ಯಾ, ಹೌದಾ ಅಲ್ವಾ ಅಂತ ಕೇಳ್ತಾವ್ನೆ ಅಮ್ಮ. ಗೊತ್ತಿದ್ರೆ ಮರ್ಯಾದಸ್ತರು ಯಾರೂ ಮನೆಗೆ ಸೇರಿಸ್ತಿರ್ಲಿಲ್ವಂತೆ. ಹಂಗೆ ಮುಚ್ಚಿಡೋಳು ಇದನ್ನೂ ಕಟ್ಟಿ ಹೇಳ್ತಾವ್ಳೆ ಅಂತಾನೆ."

ಬೈರಮ್ಮ ಅವನ ತೋಳು ಬಿಟ್ಟಳು. ಆ ಮಾತು ಅವಳಿಗೆ ಹೊಸದಲ್ಲ. ಅಡುಗೆಮನೆಯಲ್ಲಿ ಅವಳೇ ಆಡಿದ್ದು. ಒಳಗೆ ಸೊಸೆ ಕಟಕಟೆಯ ಮರವನ್ನು ಎರಡು ಕೈಯಲ್ಲೂ ಹಿಡಿದು ನೆಲ ನೋಡುತ್ತಾ ನಿಂತಿರುವುದು ಬಾಗಿಲಿಂದ ಕಾಣುತ್ತಿತ್ತು. ಅವಳ ಎದುರಿನ ಕುರ್ಚಿಯಲ್ಲಿ ಮೇಜರ್ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ. ಅವನ ತುಟಿಯಲ್ಲಿ ಸಣ್ಣ ನಗೆ ಇತ್ತು.

ಬೈರಮ್ಮ ಚಪ್ಪಲಿ ಬಿಟ್ಟಳು. ಸೆರಗನ್ನು ತಲೆಯ ಮೇಲೆಳೆದುಕೊಂಡು, ಕಲ್ಲಿನ ಹೊಸಿಲು ದಾಟಿ ಒಳಗೆ ಬಂದಳು.

ಆಫೀಸರುಗಳಿಗೆ ಕಂಡದ್ದು ಇಷ್ಟೇ, ಹಳ್ಳಿಯ ಮುದುಕಿಯೊಬ್ಬಳು ಬರಿಗಾಲಲ್ಲಿ ಬಂದು ಮೊದಲ ಬೆಂಚಿನಲ್ಲಿ ಕೂತಳು. ಅವಳು ಬಾಯಿ ತೆರೆಯಲಿಲ್ಲ, ಯಾರೂ ಅವಳನ್ನು ತಡೆಯಲಿಲ್ಲ. ಆ ಕೋಣೆಯಲ್ಲಿ ನಡೆದದ್ದೇನೆಂದು ತಿಳಿದವಳು ವೆಂಕಟಲಕ್ಷ್ಮಿ ಒಬ್ಬಳೇ. ತಾನು ಮುಂದೆ ದಾಟಿ ಬಂದಿದ್ದೇನೆ, ಅತ್ತೆ ಹಿಂದೆ ದಾಟಿದ್ದಾಳೆ. ಹಿಂದೆ ದಾಟಿದರೆ ಏನಾಗುತ್ತದೆಂದು ಈ ಹೆಂಗಸು ಎಷ್ಟು ಗಟ್ಟಿಯಾಗಿ ನಂಬಿದ್ದಾಳೆಂಬುದು ಅವಳಿಗೆ ಗೊತ್ತಿತ್ತು. ಕಟಕಟೆಯ ಮರ ಬಿಟ್ಟು ನೆಟ್ಟಗೆ ನಿಂತಳು. ಮದುವೆಗೆ ಮೊದಲು ಅತ್ತೆಗೆ ಹೇಳಿರಲಿಲ್ಲ, ಅದು ನಿಜ ಎಂದಳು. ಈಗ ಅವರಿಗೆ ಎಲ್ಲವೂ ಗೊತ್ತು, ಅಗೋ ಅಲ್ಲಿ ಕೂತಿರುವವರೇ ನಮ್ಮ ಅತ್ತೆ, ಇನ್ನೇನು ಕೇಳಬೇಕೋ ಕೇಳಿ ಎಂದಳು. ವಕೀಲ ಸಂಜೆಯವರೆಗೂ ಕೇಳಿದ. ಅವಳು ಸಂಜೆಯವರೆಗೂ ಉತ್ತರ ಕೊಟ್ಟಳು. ಒಮ್ಮೆಯೂ ನೆಲ ನೋಡಲಿಲ್ಲ.

ಊರಿಗೆ ಬಂದ ಬೈರಮ್ಮ ಸಾಯಲು ತಯಾರಾದಳು. ನಗಬೇಡಿ, ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಬಿತ್ತನೆ ರಾಗಿ ಎಲ್ಲಿದೆ, ಕರು ಹಾಕುವ ಹಸುವಿಗೆ ಏನೇನು ತಿನ್ನಿಸಬೇಕು ಅಂತ ಚಿನ್ನಸ್ವಾಮಿಯನ್ನು ಕೂರಿಸಿಕೊಂಡು ಹೇಳಿದಳು. ಅಂಜಮ್ಮನ ಜೊತೆ ಇದ್ದ ಹಳೇ ಜಗಳವನ್ನೆಲ್ಲ ಮುಗಿಸಿಕೊಂಡಳು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ತೆಗೆದು ಉಟ್ಟಳು. ಸಾಯುವವಳು ಹಸಿದುಕೊಂಡು ಯಾಕೆ ಸಾಯಬೇಕೆಂದು ಹುರುಳಿ ಸಾರು ಮಾಡಿ ಎರಡೆರಡು ಮುದ್ದೆ ಉಂಡಳು. ಹೀಗೇ ಆಷಾಢ ಕಳೆಯಿತು, ಅಮಾವಾಸ್ಯೆಯೂ ಆಯಿತು. ಬೈರಮ್ಮ ಮೊದಲಿಗಿಂತ ಒಂದು ಸುತ್ತು ದಪ್ಪವಾಗಿದ್ದಳು. ಶ್ರಾವಣಕ್ಕೆ ಸೊಸೆ ಮನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಅವಳ ಮುಖದಲ್ಲಿ ಸಂತೋಷವೂ ಇತ್ತು, ಕೊಂಚ ನಾಚಿಕೆಯೂ ಇತ್ತು.

ದೀಪಾವಳಿ ಕಳೆದ ಮೇಲೆ ತೀರ್ಪು ತಿಳಿಯಿತು. ಎರಡು ದೂರಿನಲ್ಲೂ ಮೇಜರ್ ತಪ್ಪಿತಸ್ಥ. ಪದವಿ ಕಿತ್ತುಕೊಂಡು ಮಿಲಿಟರಿಯಿಂದ ಹೊರಗೆ ಹಾಕಿದರು, ಜೈಲಿಗೂ ಕಳಿಸಿದರು. ಆದರೆ ಕೋರ್ಟು ಕೊಟ್ಟ ಜೈಲು ಶಿಕ್ಷೆಯನ್ನು ಮೇಲಿನವರು ಅರ್ಧಕ್ಕಿಳಿಸಿದ್ದರು. ವೆಂಕಟಲಕ್ಷ್ಮಿ ಇಷ್ಟಾದರೂ ಆಯಿತಲ್ಲ ಎಂದು ಅತ್ತಳು. ಆ ಎಳೆಯ ನರ್ಸು ಕೆಲಸದಲ್ಲೇ ಉಳಿದಳು. ಬೈರಮ್ಮ ಮಾತ್ರ ಆ ಮೇಲಿನವರಿಗೆ, ಹೆಸರು ಕುಲ ಗೊತ್ತಿಲ್ಲದಿದ್ದರೂ, ಬಾಯಿ ತುಂಬ ಬೈದಳು. ಯಾಕೆ ಬೈಯುತ್ತಿದ್ದೀಯೆ ಅಂತ ಅಂಜಮ್ಮ ಕೇಳಿದಾಗ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ನೀರಿನ ಕಟ್ಟೆಯಲ್ಲೇ ಹೇಳಿದಳು, ಸೊಸೆಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು. ಆಡಿಕೊಳ್ಳಬೇಕೆಂದಿದ್ದವರಿಗೂ ಆ ಹೆಂಗಸಿನ ಎದುರು ಧೈರ್ಯ ಬರಲಿಲ್ಲ.

ಅಮ್ಮನ ಬೈಗುಳಕ್ಕೆ ಹೆದರಿ ಅಲ್ಲಿಯವರೆಗೆ ಹೇಳದಿದ್ದ ಬಿತ್ತನೆ ರಾಗಿಯ ಕಥೆ, ಒಳ್ಳೆಯ ಸೀರೆಯ ಕಥೆ ಎಲ್ಲವನ್ನೂ ಚಿನ್ನಸ್ವಾಮಿ ಆ ಸಂಜೆ ಹೆಂಡತಿಗೆ ನಗುನಗುತ್ತಾ ಹೇಳಿದ. ವೆಂಕಟಲಕ್ಷ್ಮಿಗೆ ನಗು ಬರಲಿಲ್ಲ. ಒಲೆಯ ಮುಂದೆ ಕೂತಿದ್ದ ಅತ್ತೆಯ ಪಕ್ಕ ಹೋಗಿ ಕೂತಳು.

"ಸಾಯ್ತೀನಿ ಅಂತ ನಂಬಿಯೂ ಯಾಕೆ ಒಳಗೆ ಬಂದ್ರಿ ಅತ್ತಮ್ಮ?"

ಬೈರಮ್ಮ ಸೌದೆ ಮುಂದಕ್ಕೆ ನೂಕಿದಳು. ಮುಖ ತಿರುಗಿಸಲಿಲ್ಲ.

"ಆ ವಕೀಲ ಆಡಿದ್ದು ನನ್ನ ಮಾತು ಕಣೇ, ನಾನು ನಿನಗೆ ಅಂದಿದ್ದು. ಅದನ್ನ ಕೇಳಿಸ್ಕೊಂಡು ಆಚೇನೇ ಕೂತಿದ್ರೆ ನಾನೂ ಅವ್ನ ಕಡೆಯೋಳೇ ಆಗ್ತಿದ್ದೆ."