ಕಟ್ಟೆಯ ಮೇಲಿನ ದೀಪ

ಬತ್ತಿದ ಬಾವಿಗೆ ನೀರು ಬಂತು ಅಂದರೆ ಯಾರಾದರೂ ಖುಷಿಪಡುತ್ತಾರೆ. ನಾನು ಮಾತ್ರ ಹೆದರಿ ಸತ್ತೆ. ಹೊಸಕೋಟೆ ಕಡೆಯ ನಮ್ಮ ಮನೆಯ ಹಿತ್ತಿಲ ಬಾವಿ ನಾನು ಸೊಸೆಯಾಗಿ ಬರುವ ಮೊದಲೇ ಒಣಗಿತ್ತು. ಕಾಲಿಗೆ ಸಿಗುವ ಜಾಗದಲ್ಲಿ ಹಾಕಬಾರದೆಂದು ಪೂಜೆಯ ಬಾಡಿದ ಹೂವು, ಬಣ್ಣ ಹೋದ ದೇವರ ಪಟ, ಎಲ್ಲವನ್ನೂ ವರ್ಷಗಟ್ಟಲೆ ಅದರೊಳಕ್ಕೇ ಹಾಕಿದ್ದೆವು. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ಮೇಲೆ ಬಾವಿಯಲ್ಲಿ ಕಪ್ಪು ನೀರು ನಿಂತಿತು. "ಗಂಗಮ್ಮ ಮನೆಗೆ ಬಂದವ್ಳೆ" ಎಂದು ಅತ್ತೆ ಕೈಮುಗಿದರು. ಬಂದ ಗಂಗಮ್ಮ ಕೊಳೆತ ಮೊಟ್ಟೆಯ ಹಾಗೆ ನಾರುತ್ತಿದ್ದಳು, ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಆರೋಗ್ಯ ಕೇಂದ್ರದಲ್ಲಿ ಕೇಳಿದಾಗ, ಮೊದಲು ಕಸ ತೆಗೆಸಿ ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಎಂದರು. ಕಸ ತೆಗೆಯಲು ತಾವೇ ಇಳಿಯುವುದಾಗಿ ಹೇಳಿ ನಮ್ಮನೆಯವರು ಪಂಚೆ ಎತ್ತಿ ಕಟ್ಟಿದರು. ನಾನು ಹೆದರಿದ್ದೇ ಆಗ. ನಾನು ಕಣ್ಣಾರೆ ನೋಡದ ನಮ್ಮ ಮಾವ, ತೋಟದ ಬಾವಿಯ ಹೂಳೆತ್ತಲು ಇಳಿದವರು ಮೇಲೆ ಬಂದಿದ್ದು ಹೆಣವಾಗಿ. ಪೂಜೆಯಲ್ಲಿ ಏನೋ ಲೋಪವಾಯಿತು, ಗಂಗಮ್ಮ ಕರೆದುಕೊಂಡಳು ಎಂದು ಊರು ಮಾತಾಡಿತು. ಆ ಪೂಜೆ ಮಾಡಿದ್ದವರು ನಮ್ಮ ಅತ್ತೆ.

ಅದಕ್ಕೇ ಈ ಸಲ ಅತ್ತೆ ಎಳ್ಳುಕಾಳಿನಷ್ಟೂ ಕೊರತೆ ಬಿಡಲಿಲ್ಲ. ಕಟ್ಟೆ ತೊಳೆದು, ಅರಿಶಿನ ಕುಂಕುಮ ಇಟ್ಟು, ಕೈ ಅಡ್ಡ ಹಿಡಿದು ದೀಪ ಹಚ್ಚಿದರು. ದೀಪ ನೆಟ್ಟಗೆ ಉರಿಯಿತು.

"ಗಂಗಮ್ಮ ಒಪ್ಕೊಂಡವ್ಳೆ. ಇಳಿಯಪ್ಪ" ಎಂದರು ಮಗನಿಗೆ.

ನಮ್ಮನೆಯವರು ಬಾವಿಯೊಳಗಿನ ಕಲ್ಲುಮೆಟ್ಟಿಲುಗಳನ್ನು ಇಳಿಯತೊಡಗಿದರು. ನನಗೆ ತವರಿನ ತಾತ ನೆನಪಾದ. ತಾತ ದೀಪವನ್ನು ಕಟ್ಟೆಯ ಮೇಲೆ ಬಿಡುತ್ತಿರಲಿಲ್ಲ. ಹಗ್ಗಕ್ಕೆ ಕಟ್ಟಿ ತಳಕ್ಕೆ ಇಳಿಸುತ್ತಿದ್ದ; ಅದು ಆರಿದರೆ ಯಾರನ್ನೂ ಬಾವಿಗೆ ಇಳಿಯಗೊಡುತ್ತಿರಲಿಲ್ಲ.

"ರೀ, ನಿಂತ್ಕೊಳ್ರೀ! ದೀಪ ಉರೀತಿರೋದು ಮೇಲೆ, ನೀವು ಉಸಿರಾಡ್ಬೇಕಾಗಿರೋದು ಕೆಳಗೆ!"

"ಸುಮ್ನಿರೇ, ನಿಂದೊಂದು" ಎಂದರು ಒಳಗಿನಿಂದ.

ನಾನು ಸುಮ್ಮನಿರುವ ಪೈಕಿ ಅಲ್ಲ. ಕಟ್ಟೆಯ ದೀಪವನ್ನೇ ಎತ್ತಿ ಬಕೆಟಿನಲ್ಲಿಟ್ಟು ಹಗ್ಗ ಬಿಟ್ಟೆ.

"ಅಯ್ಯೋ, ಪೂಜೆ ದೀಪ ಕಣೇ ಅದು!" ಎಂದು ಅತ್ತೆ ಕೂಗಿದರು.

"ಇರ್ಲಿ ಬಿಡಿ!" ಎಂದು ಅವರಿಗೂ ಗದರಿಬಿಟ್ಟೆ. ಬಕೆಟ್ ನಮ್ಮನೆಯವರ ಭುಜ ದಾಟಿತು, ಪಾದ ದಾಟಿತು. ಇನ್ನೆರಡು ಮೆಟ್ಟಿಲ ಕೆಳಗೆ ದೀಪ ಸಣ್ಣಗಾಗಿ ಆರಿಹೋಯಿತು.

"ಗಾಳಿಗೆ ಆರಿರುತ್ತೆ ಬಿಡೇ" ಎಂದರು ನಮ್ಮನೆಯವರು.

ಬಾವಿಯೊಳಗೆ ಎಲ್ಲಿಯ ಗಾಳಿ? ಮೇಲೆಳೆದು ಮತ್ತೆ ಹಚ್ಚಿ ಇಳಿಸಿದೆ. ಅದೇ ಮೆಟ್ಟಿಲ ಹತ್ತಿರ ಮತ್ತೆ ಆರಿತು.

"ಹತ್ರೀ ಮೇಲಕ್ಕೆ! ಈಗ್ಲೇ!" ಎಂದು ಕಿರುಚಿದೆ. ಹತ್ತಿ ಬಂದವರ ತೋಳು ಗಟ್ಟಿಯಾಗಿ ಹಿಡಿದುಕೊಂಡು, ದೀಪ ಉರಿದರೂ ನಿಮ್ಮನ್ನು ಇನ್ನು ಇಳಿಯಲು ಬಿಡುವುದಿಲ್ಲ ಎಂದು ಅಳುತ್ತಲೇ ಬೈದೆ. ಅತ್ತೆ ಅಪಶಕುನ ಎಂದು ನನಗೆ ನಾಲ್ಕು ಮಾತು ಬೈಯುತ್ತಾರೆಂದುಕೊಂಡಿದ್ದೆ. ಅವರು ಆರಿದ ದೀಪವನ್ನು ನೋಡುತ್ತಾ ಕೂತುಬಿಟ್ಟರು.

ಆಮೇಲೆ ಯಾರೂ ಇಳಿಯಲಿಲ್ಲ. ಬಿದ್ದ ಕೊಡ ತೆಗೆಯುವ ಪಾತಾಳಗರಡಿಯಿಂದಲೇ ಕಸವನ್ನೆಲ್ಲ ಮೇಲೆಳೆದೆವು. ಮೋಟಾರಿಟ್ಟು ಕೊಳೆ ನೀರು ಹೊರಗೆ ಹಾಕಿದೆವು. ಹೊಸ ನೀರು ಊರಿದ ಮೇಲೆ ನಾನು ಮೂಗುಬಾಯಿಗೆ ಬಟ್ಟೆ ಕಟ್ಟಿ, ಬಯಲಲ್ಲಿ ಕೂತು ಬ್ಲೀಚಿಂಗ್ ಪೌಡರ್ ಕಲಸಿದೆ. ಪೌಡರಿನ ಸುಣ್ಣ ತಳದಲ್ಲಿ ಕೂತ ಮೇಲೆ ತಿಳಿಯನ್ನಷ್ಟೇ ಬೇರೆ ಬಕೆಟಿಗೆ ಬಗ್ಗಿಸಿ, ಬಾವಿಯ ನೀರೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಿದೆ. ತೀರ್ಥ ಅಂತ ಅತ್ತೆ ಎಲ್ಲಿ ಕುಡಿದುಬಿಡುತ್ತಾರೋ ಎಂಬ ಇನ್ನೊಂದು ಭಯ.

"ಅತ್ತೆ, ನಾಳೆವರ್ಗೂ ಒಂದು ಹನಿ ಮುಟ್ಬೇಡಿ. ಆಮೇಲೂ ವಾಸನೆ ಹೋಗೋವರ್ಗೂ ನೀರು ಹೊರಗೆ ಚೆಲ್ಬೇಕು" ಎಂದೆ.

ಅವರು ಕಟ್ಟೆಯ ಮೇಲೆ ದೀಪವಿಟ್ಟಿದ್ದ ಜಾಗವನ್ನು ಅಂಗೈಯಿಂದ ಒರೆಸುತ್ತಿದ್ದರು.

"ನಿಮ್ಮಾವ ಇಳಿಯೋವಾಗ್ಲೂ ಹಿಂಗೇ ಉರೀತಿತ್ತು ಕಣವ್ವಾ" ಎಂದರು. "ಕಟ್ಟೆ ಮೇಲೆ, ನೆಟ್ಟಗೆ. ಗಂಗಮ್ಮ ಒಪ್ಕೊಂಡ್ಳು, ಇಳೀರಿ ಅಂತ ನಾನೇ ಅಂದೆ."