ಶನಿವಾರ ಬೇಡವಾದ ಉಕ್ಕಿನ ಪಿನ್ನು

ಗೆಳೆಯರೇ, ಇವತ್ತು ಹುಬ್ಬಳ್ಳಿಯ ಇಸ್ಮಾಯಿಲ್ ಮೇಸ್ತ್ರಿಯ ಲೇಥ್ ಅಂಗಡಿಯಲ್ಲಿ ನನ್ನ ತಾಳ್ಮೆ ಮುಗಿಯಿತು. ನೆರೆಮನೆಯ ವೆಂಕಣ್ಣ ಕಾಕಾ ಅವರ ಕಾರಿನ ಸ್ಟಿಯರಿಂಗ್ ಪಿನ್ನು ಮುರಿದಿದೆ. ಯುದ್ಧದಿಂದಾಗಿ ವಿಲಾಯತಿ ಸಾಮಾನು ಬರುವುದು ನಿಂತಿದೆ, ಇಲ್ಲಿಯೇ ಕಡೆಸಬೇಕು. ಸಂಜೆ ಅದೇ ಕಾರಿನಲ್ಲಿ ತುಂಬು ಗರ್ಭಿಣಿಯಾದ ನನ್ನ ತಂಗಿ ಧಾರವಾಡದ ಆಸ್ಪತ್ರೆಗೆ ಹೋಗಬೇಕು.

ಕಾಕಾ ಮೇಸ್ತ್ರಿಗೆ ಹೇಳಿದರು: “ಹಿತ್ತಾಳ್ಯಾಗ ಮಾಡ್ರಿ. ಇವತ್ತು ಶನಿವಾರ, ನಾ ಕಬ್ಬಿಣ, ಉಕ್ಕು ಕೊಳ್ಳಂಗಿಲ್ಲ; ಕೊಂಡ್ರ ಶನಿ ಬೆನ್ನ ಹತ್ತತಾನ.”

“ಹಿತ್ತಾಳಿ ಮೆತ್ತಗ ರೀ ಕಾಕಾ, ದಾರ್ಯಾಗ ಮುರೀತದ. ನಿಮ್ಮ ಇಡೀ ಗಾಡೀನ ಕಬ್ಬಿಣದ್ದಲ್ಲೇನು?” ಎಂದೆ.

“ಅದನ್ನ ಗುರುವಾರ ತಂದದ್ದಪಾ.”

“ಮತ್ತ ಹೋದ ವರ್ಷ ಹರಾಜಿನ್ಯಾಗ ಕಬ್ಬಿಣದ ತಿಜೋರಿ ತಂದದ್ದು ಶನಿವಾರ. ಹೊತ್ತು ತರೂಮುಂದ ಅದರ ಒಂದು ಬದಿ ನಾನ ಹಿಡಿದಿದ್ದೆ.”

“ಹರಾಜಿನ ವಾರ ನಾ ಆರಿಸಿದ್ದೇನು?”

“ಹಿತ್ತಾಳಿ ಪಿನ್ನ ಹಾಕಿದ್ರ ನನ್ನ ತಂಗಿ ನಿಮ್ಮ ಗಾಡಿ ಹತ್ತಂಗಿಲ್ಲ!” ಎಂದು ಕೂಗಿದೆ.

ನಮ್ಮ ಜಗಳಕ್ಕೆ ಬೇಸತ್ತ ಮೇಸ್ತ್ರಿ ಲೇಥ್ ನಿಲ್ಲಿಸಿದರು. “ಇವತ್ತು ನಾ ಏನೂ ಮಾರೂದಿಲ್ರಿ. ಉಕ್ಕಿನ ಪಿನ್ನ ಕಡದು ಕೊಡ್ತೀನಿ, ಹಾಕ್ಕೊಂಡು ಹೋಗ್ರಿ, ಇವತ್ತಿಗೆ ಅದು ನಂದ. ನಾಳೆ ಬಂದು ಕೊಳ್ರಿ.”

ಕಾಕಾ ಅವರ ಮುಖ ಅರಳಿತು. “ಹಿಂಗಾದ್ರ ಛಲೋ ಆತು ನೋಡು!”

ಪಿನ್ನು ಕೂತಿತು, ತಂಗಿ ಧಾರವಾಡ ಮುಟ್ಟಿದಳು. ಶನಿದೇವರ ಕಣ್ಣು ತಪ್ಪಿಸುವುದು ಇಷ್ಟು ಸುಲಭವೆಂದು ಗೊತ್ತಿದ್ದರೆ ನಾನು ಬೆಳಗಿನಿಂದ ಗಂಟಲು ಹರಿದುಕೊಳ್ಳುತ್ತಿರಲಿಲ್ಲ.